ಕೊಡೆಯೂ ದಾರಿಯೂ

ಮಡಿಕೇರಿಯಲ್ಲಿ ಕಕ್ಕಡದ ಮಳೆ ಹಿಡಿಯಿತೆಂದರೆ ಹಗಲಿಗೂ ಇರುಳಿಗೂ ಇರುವ ಭೇದವು ಗಡಿಯಾರದ ಮುಖದಲ್ಲಿ ಮಾತ್ರ ಉಳಿಯುತ್ತದೆ. ಗುಡ್ಡಗಳು ಮಂಜಿನೊಳಗೆ ಮರೆಯಾಗುತ್ತವೆ. ಹೆಂಚಿನ ಮೇಲೆ ನೀರಿನ ಸದ್ದು ನಿಲ್ಲುವುದೇ ಇಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನ ತೂಗಿದ ಬಟ್ಟೆಯೂ ತೇವವನ್ನು ಬಿಡುವುದಿಲ್ಲ. 2025ನೆಯ ಇಸವಿಯ ಜುಲೈ ತಿಂಗಳಿನ ಅಂತಹ ಒಂದು ಮಧ್ಯಾಹ್ನ, ಓಂಕಾರೇಶ್ವರ ದೇವಾಲಯದ ಕಡೆಗೆ ಇಳಿಯುವ ದಾರಿಯಲ್ಲಿರುವ ಹಳೆಯ ಮನೆಯೊಂದರ ಜಗಲಿಯಲ್ಲಿ ಇಬ್ಬರು ಕುಳಿತಿದ್ದರು. ಒಬ್ಬರು ಎಂಬತ್ತನಾಲ್ಕು ವರ್ಷದ ಶಾಸ್ತ್ರಿಗಳು. ಇನ್ನೊಬ್ಬಳು ನೆರೆಮನೆಯ ಹುಡುಗಿ, ಹದಿನೆಂಟರ ಹರೆಯದವಳು. ಇಬ್ಬರ ನಡುವೆ ಒಂದು ಪ್ರಶ್ನಪತ್ರಿಕೆ ಬಿದ್ದಿತ್ತು.

ಶಾಸ್ತ್ರಿಗಳು ಮೈಸೂರಿನಲ್ಲಿ 1876ರಲ್ಲಿ ಸ್ಥಾಪಿತವಾದ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿ, ಕೊಡಗಿಗೆ ಬಂದು, ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದವರು. ಊರಿನಲ್ಲಿ ಅವರಿಗೆ ಗೌರವವಿತ್ತು. ಆದರೆ ಅವರು ಕೊನೆಯವರೆಗೂ ಭಾಷಾಪಂಡಿತರಾಗಿಯೇ ಉಳಿದರೇ ಹೊರತು ಮುಖ್ಯೋಪಾಧ್ಯಾಯರಾಗಲಿಲ್ಲ. ಅದರ ಕಾರಣವನ್ನು ಅವರು ಯಾರಿಗೂ ಹೇಳಿದವರಲ್ಲ.

ಹುಡುಗಿಯ ಮನೆಯವರು ಮಡಿಕೇರಿಯ ಉತ್ತರದ ಬೆಟ್ಟದ ಊರಿನವರು. 2018ರ ಆಗಸ್ಟ್ ತಿಂಗಳಿನಲ್ಲಿ ಆ ಭಾಗದ ಗುಡ್ಡಗಳು ಕುಸಿದಾಗ ಅವರ ಮನೆಯೂ ಕಾಫಿ ತೋಟದ ಬಹುಭಾಗವೂ ಮಣ್ಣಿನಡಿ ಸೇರಿದವು. ಅಂದಿನಿಂದ ಅವರು ಪಟ್ಟಣದಲ್ಲಿ ಬಾಡಿಗೆಯ ಮನೆಯಲ್ಲಿದ್ದಾರೆ. ಹುಡುಗಿಗೆ ಸೈನ್ಯಕ್ಕೆ ಸೇರಬೇಕೆಂಬುದು ಬಾಲ್ಯದ ಹಂಬಲ. ಜನರಲ್ ತಿಮ್ಮಯ್ಯನವರ ನಾಡಿನಲ್ಲಿ, ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ 1949ರಲ್ಲಿ ಭಾರತದ ಸೇನೆಗೆ ಪ್ರಥಮ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರ ಊರಿನಲ್ಲಿ, ಇದು ಅಚ್ಚರಿಯ ಹಂಬಲವಲ್ಲ. ಆದರೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆದುದು ಇತ್ತೀಚೆಗೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಾದ ಮೇಲೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಪರೀಕ್ಷೆಗೆ ಹುಡುಗಿಯರೂ ಕುಳಿತರು. 2025ರ ಮೇ ತಿಂಗಳಿನಲ್ಲಿ ಹದಿನೇಳು ಮಂದಿ ಯುವತಿಯರು ಅಲ್ಲಿಂದ ಮೊದಲ ತಂಡವಾಗಿ ಹೊರಬಂದರು. ಆ ವಾರ್ತೆಯ ಪತ್ರಿಕೆಯ ತುಂಡನ್ನು ಹುಡುಗಿ ತನ್ನ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು.

ಏಪ್ರಿಲ್ ತಿಂಗಳಿನ ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೊಂದು ಇತ್ತು. ವಯೋಮಿತಿಯ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯದು.

“ಗಣಿತದಲ್ಲಿ ಹೋದದ್ದಲ್ಲ, ಅಜ್ಜ. ಇಂಗ್ಲಿಷಿನಲ್ಲಿ ಹೋಯಿತು,” ಎಂದಳು ಹುಡುಗಿ. “ಐವತ್ತು ಪ್ರಶ್ನೆ, ಇನ್ನೂರು ಅಂಕ. ಸರಿಯಾದರೆ ನಾಲ್ಕು ಅಂಕ. ತಪ್ಪಾದರೆ ಅದರ ಮೂರನೆಯ ಒಂದು ಪಾಲನ್ನು ಕಳೆಯುತ್ತಾರೆ. ಸರಿ ಎಂದು ನಂಬಿ ತಪ್ಪನ್ನು ಗುರುತಿಸಿದರೆ ಒಂದೊಂದಕ್ಕೂ ಐದೂಕಾಲು ಅಂಕಕ್ಕಿಂತ ಹೆಚ್ಚು ಕೈತಪ್ಪುತ್ತದೆ.”

“ಯಾವ ಬಗೆಯ ಪ್ರಶ್ನೆ?”

“ದೋಷವನ್ನು ಹುಡುಕುವುದು. ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಕೊಡುತ್ತಾರೆ. ಯಾವ ತುಂಡಿನಲ್ಲಿ ತಪ್ಪಿದೆ ಎನ್ನಬೇಕು, ತಪ್ಪಿಲ್ಲದಿದ್ದರೆ ಇಲ್ಲವೆನ್ನಬೇಕು. ಬೇರೆಯದೆಲ್ಲ ಹೇಗೋ ತಿಳಿಯುತ್ತದೆ. ಈ ಜೋಡಿ ಮಾತುಗಳು ಬಂದರೆ ಮಾತ್ರ ಕಣ್ಣು ಕಟ್ಟಿದಂತೆ ಆಗುತ್ತದೆ.”

ಜೋಡಿ ಮಾತುಗಳೆಂದರೆ ಇಂಗ್ಲಿಷು ವ್ಯಾಕರಣದಲ್ಲಿ ಎರಡೆರಡಾಗಿ ಬರುವ ಸಮುಚ್ಚಯಾವ್ಯಯಗಳು: ಬೋತ್ ಬಂದರೆ ಆಂಡ್, ಐದರ್ ಬಂದರೆ ಆರ್, ನೈದರ್ ಬಂದರೆ ನಾರ್, ನಾಟ್ ಓನ್ಲಿ ಬಂದರೆ ಬಟ್ ಆಲ್ಸೋ. ಹುಡುಗಿ ಅಭ್ಯಾಸದ ಪತ್ರಿಕೆಯಲ್ಲಿದ್ದ ಒಂದು ವಾಕ್ಯವನ್ನು ಓದಿದಳು: “ದಿ ಆಫೀಸರ್ ನಾಟ್ ಓನ್ಲಿ ಇನ್‌ಸ್ಪೆಕ್ಟೆಡ್ ದಿ ಬ್ಯಾರಕ್ಸ್ ಬಟ್ ಆಲ್ಸೋ ದಿ ಕಿಚನ್.” ಅಧಿಕಾರಿಯು ಬ್ಯಾರಕ್ಕುಗಳನ್ನು ಮಾತ್ರವಲ್ಲದೆ ಅಡುಗೆಮನೆಯನ್ನೂ ಪರೀಕ್ಷಿಸಿದನು ಎಂದು ಅರ್ಥ. “ನಾನು ತಪ್ಪಿಲ್ಲ ಎಂದು ಗುರುತು ಹಾಕಿದೆ. ಕೊನೆಯ ಪುಟದಲ್ಲಿ ತಪ್ಪಿದೆ ಎಂದು ಕೊಟ್ಟಿದ್ದಾರೆ. ಏನು ತಪ್ಪು, ಅಜ್ಜ?”

ಶಾಸ್ತ್ರಿಗಳು ವಾಕ್ಯವನ್ನು ಎರಡು ಸಲ ಓದಿದರು. ಅವರಿಗೂ ತಪ್ಪು ಕಾಣಲಿಲ್ಲ. ಅಷ್ಟೇ ಆಗಿದ್ದರೆ ಕಣ್ಣಡಕ ತೆಗೆದು ನಕ್ಕುಬಿಡುತ್ತಿದ್ದರು. ಆದರೆ ಅವರ ಮುಖವು ಇದ್ದಕ್ಕಿದ್ದಂತೆ ಬಿಗಿಯಾಯಿತು. “ನಾಳೆ ಬಾ, ಮಗಳೇ,” ಎಂದಷ್ಟೇ ಹೇಳಿ ಒಳಗೆ ಹೋದರು.

ಕೊಡಗಿಗೂ ಇಂಗ್ಲಿಷು ಪರೀಕ್ಷೆಗೂ ಇರುವ ನಂಟು ಇಂದುನಿನ್ನೆಯದಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನ ರಾಜ್ಯವು ಕಂಪೆನಿಯ ವಶವಾಯಿತು. ಮರುವರ್ಷವೇ ಮೆಕಾಲೆಯ ಪ್ರಖ್ಯಾತವಾದ ಶಿಕ್ಷಣ ಟಿಪ್ಪಣಿ ಹೊರಟಿತು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ನಡೆಯಿಸಿದ ಮೋಗ್ಲಿಂಗ್ ಪಂಡಿತನು ಬಳಿಕ ಈ ಬೆಟ್ಟನಾಡಿಗೆ ಬಂದನು. ಅವನ ಬಾಸೆಲ್ ಮಿಶನ್ನಿನ ಸಹೋದ್ಯೋಗಿ ರಿಕ್ಟರನು ಮಡಿಕೇರಿಯ ಶಾಲೆಯನ್ನು ನಡೆಯಿಸಿ, 1870ರಲ್ಲಿ ಕೊಡಗಿನ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದನು. ಇಬ್ಬರೂ ಜರ್ಮನರು, ಇಂಗ್ಲಿಷು ಅವರಿಗೂ ಕಲಿತ ಭಾಷೆಯೇ. ಹೀಗೆ, ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷು ಎಂಬ ತ್ರಿವೇಣಿಯಲ್ಲಿ ಈಜುವುದನ್ನು ಕೊಡಗಿನ ಮಕ್ಕಳು ತಲೆಮಾರುಗಳಿಂದ ಅಭ್ಯಾಸಮಾಡಿದ್ದಾರೆ. ನೆಸ್‌ಫೀಲ್ಡನ ವ್ಯಾಕರಣವನ್ನು ಒಂದು ಪೀಳಿಗೆ ಉರುಹೊಡೆಯಿತು. ರೆನ್ ಮತ್ತು ಮಾರ್ಟಿನ್ ಎಂಬಿಬ್ಬರ ಪುಸ್ತಕವನ್ನು ಅನಂತರದ ಪೀಳಿಗೆಗಳು. ಜೋಡಿ ಅವ್ಯಯಗಳಲ್ಲಿ ಪ್ರತಿಯೊಂದೂ ತಾನು ಕೂಡಿಸುವ ಪದದ ಹಿಂದೆಯೇ ನಿಲ್ಲಬೇಕೆಂಬ ನಿಯಮವು ಆ ಪುಸ್ತಕದಲ್ಲಿಯೂ ಇದೆ. ಆದರೆ ನಿಯಮವನ್ನು ಓದುವುದು ಬೇರೆ, ಅದರ ನ್ಯಾಯವನ್ನು ಕಾಣುವುದು ಬೇರೆ.

ಆ ರಾತ್ರಿ ಶಾಸ್ತ್ರಿಗಳಿಗೆ ನಿದ್ರೆ ಬರಲಿಲ್ಲ. ಅರುವತ್ತು ವರ್ಷಗಳ ಹಿಂದಿನ ಒಂದು ವಾಕ್ಯವು ಮಳೆಯೊಡನೆ ಕೂಡಿ ಕಿವಿಯಲ್ಲಿ ಬಡಿಯುತ್ತಿತ್ತು. ನಡುರಾತ್ರಿಯಲ್ಲಿ ಎದ್ದು ದೀಪ ಹಾಕಿ, ಪೆಟ್ಟಿಗೆಯಿಂದ ಮಮ್ಮಟನ ಕಾವ್ಯಪ್ರಕಾಶವನ್ನು ತೆಗೆದರು. ಏಕೆ ಅದನ್ನೇ ತೆಗೆದರೆಂದು ಕೇಳಿದ್ದರೆ ಅವರಿಗೆ ಹೇಳಲಾಗುತ್ತಿರಲಿಲ್ಲ. ಸಂಕಟದಲ್ಲಿ ಕೈ ತನ್ನ ಪರಿಚಯದ ವಸ್ತುವನ್ನು ಹುಡುಕುತ್ತದೆ. ಏಳನೆಯ ಉಲ್ಲಾಸವು ದೋಷಗಳ ಪ್ರಕರಣ. ಮೂವತ್ತು ವರ್ಷ ಪಾಠ ಹೇಳಿದ ಆ ಪುಟಗಳನ್ನು ಮಗುಚುತ್ತ ಒಂದು ಪದದ ಮೇಲೆ ಬೆರಳು ನಿಂತಿತು: ಭಗ್ನಪ್ರಕ್ರಮ.

ಮರುದಿನ ಹುಡುಗಿ ಬರುವ ವೇಳೆಗೆ ಅವರು ಜಗಲಿಯಲ್ಲಿ ಹಲಗೆಯನ್ನೂ ಸೀಮೆಸುಣ್ಣವನ್ನೂ ಇಟ್ಟುಕೊಂಡು ಕುಳಿತಿದ್ದರು.

“ನೋಡು ಮಗಳೇ, ನಿನ್ನ ಪರೀಕ್ಷಕನು ಹಿಡಿದ ಈ ತಪ್ಪನ್ನು ಕಾಶ್ಮೀರದ ಪಂಡಿತರು ಹನ್ನೊಂದನೆಯ ಶತಮಾನದಲ್ಲಿಯೇ ಹಿಡಿದು ಹೆಸರಿಟ್ಟಿದ್ದಾರೆ. ಪ್ರಕ್ರಮವೆಂದರೆ ತೊಡಗಿದ ರೀತಿ. ಒಂದು ರೀತಿಯಲ್ಲಿ ತೊಡಗಿ, ನಡುವೆ ಅದನ್ನು ಮುರಿದು, ಇನ್ನೊಂದು ರೀತಿಯಲ್ಲಿ ಮುಗಿಸಿದರೆ ಅದು ಪ್ರಕ್ರಮಭಂಗ. ಮಹಿಮಭಟ್ಟನೆಂಬವನು ಇದನ್ನು ಐದು ಮುಖ್ಯ ದೋಷಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಸಮವಾದ ದಾರಿಯಲ್ಲಿ ನಡೆಯುತ್ತಿದ್ದವನ ಕಾಲು ಹಳ್ಳಕ್ಕೆ ಬಿದ್ದು ಮುಗ್ಗರಿಸಿದರೆ ಹೇಗೋ ಹಾಗೆ, ಓದುವವನ ಬುದ್ಧಿ ಅಲ್ಲಿ ಎಡವುತ್ತದೆ ಎಂಬುದು ಅವನ ಅಭಿಪ್ರಾಯ.”

“ಮಡಿಕೇರಿಯ ರಸ್ತೆಯ ಹಾಗೆ,” ಎಂದಳು ಹುಡುಗಿ.

ಶಾಸ್ತ್ರಿಗಳು ನಕ್ಕು ಮುಂದುವರಿಸಿದರು. ಮಮ್ಮಟನು ಈ ಭಂಗವನ್ನು ವಿಂಗಡಿಸಿರುವ ಕ್ರಮವೇ ಅವಳಿಗೆ ಬೇಕಾದ ಪಟ್ಟಿಯಾಯಿತು. ಪ್ರಕೃತಿಯಲ್ಲಿ ಭಂಗ, ಪ್ರತ್ಯಯದಲ್ಲಿ ಭಂಗ, ಸರ್ವನಾಮದಲ್ಲಿ ಭಂಗ, ವಚನದಲ್ಲಿ ಭಂಗ, ಹೀಗೆ. ಇಂಗ್ಲಿಷು ವಾಕ್ಯದ ಜೋಡಿಯ ಒಂದು ಕಡೆ ‘ಟು ರೀಡ್’ ಎಂದಿದ್ದು ಇನ್ನೊಂದು ಕಡೆ ‘ರೈಟಿಂಗ್’ ಎಂದಿದ್ದರೆ ಅದು ಪ್ರತ್ಯಯದ ಭಂಗ. ಒಂದು ಕಡೆ ಗುಣವಾಚಕ, ಇನ್ನೊಂದು ಕಡೆ ನಾಮಪದ ಬಂದರೆ ಜಾತಿಯದೇ ಭಂಗ. ಒಂದು ಕಡೆ ಪೂರ್ಣವಾಕ್ಯ, ಇನ್ನೊಂದು ಕಡೆ ಬರಿಯ ಪದವಾದರೆ ತಕ್ಕಡಿಯ ಒಂದು ತಟ್ಟೆ ನೆಲಕ್ಕೆ ತಾಗಿದ ಹಾಗೆ.

ಜೋಡಿಗಳು ಏಕೆ ಬಿಡಿಸಲಾಗದವೆಂಬುದಕ್ಕೂ ಅವರಲ್ಲಿ ಉತ್ತರವಿತ್ತು. ವಾಕ್ಯಾರ್ಥವು ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ತರ್ಕಶಾಸ್ತ್ರವು ಹೇಳುತ್ತದೆ. ಐದರ್ ಎಂದೊಡನೆ ಕೇಳುವವನಲ್ಲಿ ಆಕಾಂಕ್ಷೆ ಎದ್ದುನಿಲ್ಲುತ್ತದೆ. ಅದನ್ನು ತಣಿಸುವುದು ಆರ್ ಒಂದೇ. ಸಂಸ್ಕೃತದಲ್ಲಿ ‘ಯತ್’ ಬಂದಲ್ಲಿ ‘ತತ್’ ಬರಲೇಬೇಕಾದಂತೆ, ‘ಯದ್ಯಪಿ’ ಬಂದಲ್ಲಿ ‘ತಥಾಪಿ’ ಕಾದಿರುವಂತೆ, ‘ನ ಕೇವಲಂ’ ಎಂದವನು ‘ಅಪಿ ತು’ ಎನ್ನದೆ ಬಾಯಿ ಮುಚ್ಚಲಾಗದಂತೆ. ಇನ್ನು ಸನ್ನಿಧಿಯೆಂದರೆ ಸಾಮೀಪ್ಯ. ಅವ್ಯಯವು ತನ್ನ ಪದದ ಪಕ್ಕದಲ್ಲಿಯೇ ಇರಬೇಕೆಂಬ ಇಂಗ್ಲಿಷಿನ ನಿಯಮವು ಸನ್ನಿಧಿಯಲ್ಲದೆ ಬೇರೇನೂ ಅಲ್ಲ.

‘ನೋ ಸೂನರ್’ ಎಂಬುದಕ್ಕೆ ‘ದ್ಯಾನ್’ ಏಕೆ, ‘ಹಾರ್ಡ್ಲಿ’ ಎಂಬುದಕ್ಕೆ ‘ವೆನ್’ ಏಕೆ ಎಂದು ಹುಡುಗಿ ಕೇಳಿದಳು. ಅಭ್ಯಾಸದ ಪುಸ್ತಕದಲ್ಲಿ ಇವನ್ನು ಬಾಯಿಪಾಠ ಮಾಡಬೇಕೆಂದಷ್ಟೇ ಇತ್ತು. ಶಾಸ್ತ್ರಿಗಳು ಕ್ಷಣಕಾಲ ಯೋಚಿಸಿ, “ಸೂನ್ ಎಂಬುದರ ಮೇಲೆ ಅರ್ ಎಂಬುದು ಬಂದಿದೆಯಲ್ಲವೇ? ಅದು ನಮ್ಮ ತರಪ್ ಪ್ರತ್ಯಯ. ತರಪ್ ಬಂದಲ್ಲಿ ಯಾವುದಕ್ಕಿಂತ ಎಂಬ ಪಂಚಮಿಯ ಅಪೇಕ್ಷೆ ಹುಟ್ಟುತ್ತದೆ. ಆ ‘ಅದಕ್ಕಿಂತ’ ಎನ್ನುವುದೇ ದ್ಯಾನ್. ಹಾರ್ಡ್ಲಿ ಎಂಬಲ್ಲಿ ತರಪ್ ಇಲ್ಲ, ಆದುದರಿಂದ ದ್ಯಾನಿಗೆ ಅಲ್ಲಿ ಕೆಲಸವಿಲ್ಲ, ‘ಆಗ’ ಎನ್ನುವ ವೆನ್ ಸಾಕು,” ಎಂದರು. ಹುಡುಗಿಯ ಮುಖ ಅರಳಿತು. ಬಾಯಿಪಾಠವಾಗಿದ್ದುದು ಅಂದಿನಿಂದ ಅವಳಿಗೆ ತಿಳಿವಾಯಿತು.

ಆದರೆ ಮೊದಲಿನ ವಾಕ್ಯದ ಗಂಟು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಇಷ್ಟೊಂದು ಶಾಸ್ತ್ರವು ಗೊತ್ತಿದ್ದೂ ಆ ತಪ್ಪು ಮೊದಲ ಓದಿಗೆ ತಮಗೇ ಏಕೆ ಕಾಣಲಿಲ್ಲವೆಂಬುದನ್ನು ಶಾಸ್ತ್ರಿಗಳು ತಿಳಿಯಬೇಕಾಗಿತ್ತು. ಅವರು ಹಲಗೆಯ ಮೇಲೆ ಕನ್ನಡ ವಾಕ್ಯವನ್ನು ಬರೆದರು: ಅಧಿಕಾರಿಯು ಬ್ಯಾರಕ್ಕುಗಳನ್ನು ಮಾತ್ರವಲ್ಲದೆ ಅಡುಗೆಮನೆಯನ್ನೂ ಪರೀಕ್ಷಿಸಿದನು. ಕನ್ನಡದಲ್ಲಿ ಕ್ರಿಯಾಪದವು ಕೊನೆಯಲ್ಲಿ ಬಂದು ಎರಡು ಕರ್ಮಗಳನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಮೇಲಾಗಿ ಕನ್ನಡದ ಸಮುಚ್ಚಯವಾದ ‘ಊ’ ಎಂಬುದು ಪ್ರತ್ಯಯದಂತೆ ಪದದ ಬಾಲಕ್ಕೇ ಅಂಟಿಕೊಳ್ಳುತ್ತದೆ. ‘ಆಗಲಿ’, ‘ಓ’ ಎಂಬವೂ ಹಾಗೆಯೇ. ಯಾವ ಪದವನ್ನು ಕೂಡಿಸಬೇಕೋ ಆ ಪದದ ಮೈಮೇಲೆಯೇ ಗುರುತು ಬೀಳುವುದರಿಂದ ಜಾಗ ತಪ್ಪುವ ಭಯವಿಲ್ಲ. ಇಂಗ್ಲಿಷಿನಲ್ಲಿ ಅವ್ಯಯವು ಬಿಡಿಯಾಗಿ ಪದದ ಮುಂಚೆ ನಿಲ್ಲುತ್ತದೆ. ಕ್ರಿಯಾಪದವು ನಡುವೆಯೇ ಬಂದುಬಿಡುತ್ತದೆ. ಆದುದರಿಂದ ‘ನಾಟ್ ಓನ್ಲಿ’ ಎಂಬುದು ಕ್ರಿಯಾಪದದ ಆಚೆ ನಿಂತಿತೇ ಈಚೆ ನಿಂತಿತೇ ಎಂಬುದರ ಮೇಲೆ ಎಲ್ಲವೂ ಇದೆ. ಕನ್ನಡದ ಕಿವಿಯು ಅರ್ಥವನ್ನು ಹಿಡಿದು ತೃಪ್ತವಾಗುತ್ತದೆ, ಜಾಗವನ್ನು ಲೆಕ್ಕಿಸುವುದಿಲ್ಲ.

ಹುಡುಗಿ ಹಲಗೆಯನ್ನು ದೃಷ್ಟಿಸಿ ನೋಡಿದಳು. ಬಳಿಕ ಸೀಮೆಸುಣ್ಣವನ್ನು ಕೇಳಿ ತೆಗೆದುಕೊಂಡು, ಕೆಳಗೆ ಬೀಜಗಣಿತದ ಎರಡು ಸಾಲು ಬರೆದಳು.

“ಅಜ್ಜ, ಇದು ಸಾಮಾನ್ಯ ಅಪವರ್ತನ. ಪರೀಕ್ಷಿಸುವುದು ಎರಡಕ್ಕೂ ಸೇರಿದ್ದು. ಅದನ್ನು ಆವರಣದ ಹೊರಗೆ ಇಡಬೇಕು. ಬ್ಯಾರಕ್ಕು, ಅಡುಗೆಮನೆ ಎರಡನ್ನೂ ಆವರಣದ ಒಳಗೆ. ‘ನಾಟ್ ಓನ್ಲಿ’ ಎಂಬುದು ಆವರಣವನ್ನು ತೆರೆಯುವ ಗುರುತು. ಅದನ್ನು ಕ್ರಿಯಾಪದಕ್ಕಿಂತ ಮುಂಚೆ ಹಾಕಿದರೆ ಕ್ರಿಯಾಪದವು ಒಳಗೆ ಸೇರಿ ಬ್ಯಾರಕ್ಕಿಗೆ ಮಾತ್ರ ಅಂಟಿಕೊಂಡಿತು. ಅಡುಗೆಮನೆಗೆ ಏನೂ ಉಳಿಯಲಿಲ್ಲ. ಹೊರಗಿಟ್ಟರೆ, ‘ಇನ್‌ಸ್ಪೆಕ್ಟೆಡ್ ನಾಟ್ ಓನ್ಲಿ ದಿ ಬ್ಯಾರಕ್ಸ್ ಬಟ್ ಆಲ್ಸೋ ದಿ ಕಿಚನ್.’ ಸರಿಯಾಯಿತು!”

ಶಾಸ್ತ್ರಿಗಳು ಬಹಳ ಹೊತ್ತು ಮಾತಾಡಲಿಲ್ಲ. ಅವರು ಇಡೀ ರಾತ್ರಿ ಹುಡುಕಿದ್ದು ಎರಡು ಸಾಲಿನ ಗಣಿತದಲ್ಲಿ ಬಂದು ಕುಳಿತಿತ್ತು. “ಇದನ್ನು ಇಷ್ಟು ಸುಲಭವಾಗಿ ಯಾರೂ ನನಗೆ ಹೇಳಿರಲಿಲ್ಲ,” ಎಂದರು.

ಅಂದಿನಿಂದ ಪಾಠವು ನಿತ್ಯವಾಯಿತು. ಆಗಸ್ಟ್ ಮೂರನೆಯ ತಾರೀಕು, ಕಕ್ಕಡ ಹದಿನೆಂಟರಂದು, ಹುಡುಗಿಯ ತಾಯಿ ಮದ್ದುಸೊಪ್ಪಿನ ಪಾಯಸವನ್ನು ಕಳುಹಿಸಿದರು. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣಗಳು ಕೂಡುತ್ತವೆಂಬುದು ನಾಡಿನ ನಂಬಿಕೆ. ನೇರಳೆಯ ಬಣ್ಣದ ಆ ಪಾಯಸವನ್ನು ಉಂಡು, ಅಜ್ಜನೂ ಹುಡುಗಿಯೂ ಆ ದಿನ ಕನ್ನಡಿಗನು ಎಲ್ಲೆಲ್ಲಿ ಎಡವುತ್ತಾನೆಂಬುದರ ಪಟ್ಟಿಯನ್ನು ಮಾಡಿದರು.

ಮೊದಲನೆಯದು ನಿಷೇಧದ ಇಮ್ಮಡಿ. ‘ಅವನಾಗಲಿ ಇವನಾಗಲಿ ಬರಲಿಲ್ಲ’ ಎಂಬಲ್ಲಿ ಕನ್ನಡವು ಇಲ್ಲವೆಂಬುದನ್ನು ಕ್ರಿಯೆಯ ಮೇಲೆ ಮಾತ್ರ ಹೇರುತ್ತದೆ. ‘ಆಗಲಿ’ ಎಂಬುದರಲ್ಲಿ ನಿಷೇಧವಿಲ್ಲ. ಆದರೆ ‘ನೈದರ್’ ಎಂಬುದು ನಿಷೇಧವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ಕನ್ನಡದ ಅಭ್ಯಾಸದಿಂದ ಕೊನೆಯಲ್ಲಿ ಇನ್ನೊಂದು ‘ನಾಟ್’ ಸೇರಿಸಿದರೆ ಮಾತು ಕೆಡುತ್ತದೆ. ಎರಡನೆಯದು ‘ಆಲ್ದೋ’ ಎಂದು ತೊಡಗಿ ‘ಬಟ್’ ಎಂದು ಮುಂದುವರಿಸುವುದು. ‘ಮಳೆ ಬಂದರೂ ಹೋದನು’ ಎನ್ನುವಲ್ಲಿ ಕನ್ನಡಕ್ಕೆ ಒಂದೇ ‘ಊ’ ಸಾಕು. ಇಂಗ್ಲಿಷಿಗೂ ಒಂದೇ ಸಾಕು. ಒತ್ತು ಕೊಡಬೇಕಾದರೆ ‘ದೋ’ ಎಂಬುದಕ್ಕೆ ‘ಯೆಟ್’ ಜೊತೆಯಾದೀತು, ಯದ್ಯಪಿಗೆ ತಥಾಪಿಯ ಹಾಗೆ, ‘ಬಟ್’ ಜೊತೆಯಾಗದು. ಮೂರನೆಯದು ಕರ್ತೃವಿಗೂ ಕ್ರಿಯೆಗೂ ಇರುವ ಹೊಂದಿಕೆ. ‘ಅವನಾಗಲಿ ನಾನಾಗಲಿ ಬರಲಿಲ್ಲ’ ಎಂಬಲ್ಲಿ ‘ಬರಲಿಲ್ಲ’ ಎಂಬುದು ನನಗೂ ಅವನಿಗೂ ನಿಮಗೂ ಒಂದೇ. ಕನ್ನಡಿಗನು ಇಲ್ಲಿ ಆಯ್ಕೆಯ ಕಷ್ಟವನ್ನೇ ಕಂಡವನಲ್ಲ. ಇಂಗ್ಲಿಷಿನಲ್ಲಿಯೋ, ‘ಐದರ್ ಹಿ ಆರ್ ಐ’ ಎಂದ ಮೇಲೆ ‘ಈಸ್’ ಬರಬೇಕೋ ‘ಆಮ್’ ಬರಬೇಕೋ ಎಂಬ ಪ್ರಶ್ನೆ ಏಳುತ್ತದೆ. ಹತ್ತಿರ ನಿಂತವನ ಮಾತು ನಡೆಯತಕ್ಕದ್ದೆಂದು ಪರೀಕ್ಷೆಯ ತೀರ್ಪು; ಆದುದರಿಂದ ‘ಆಮ್’.

“ಇಂಗ್ಲಿಷಿನ ದೊಡ್ಡ ಗ್ರಂಥಕರ್ತರೆಲ್ಲ ಈ ನಿಯಮದಂತೆಯೇ ಬರೆಯುತ್ತಾರೆಯೇ?” ಎಂದು ಹುಡುಗಿ ಒಂದು ದಿನ ಕೇಳಿದಳು. ಇಲ್ಲವೆಂದೇ ಹೇಳಬೇಕಾಯಿತು. ‘ನಾಟ್ ಓನ್ಲಿ’ ತನ್ನ ಜಾಗ ತಪ್ಪುವುದು ಆ ಭಾಷೆಯ ಒಳ್ಳೆಯ ಬರಹಗಾರರಲ್ಲಿಯೂ ಉಂಟು. 1926ರಲ್ಲಿ ಇಂಗ್ಲಿಷು ಪ್ರಯೋಗಗಳ ಕೋಶವನ್ನು ಪ್ರಕಟಿಸಿದ ಫೌಲರನು ಈ ವಿಷಯವನ್ನು ಎತ್ತಿಕೊಂಡು ಎಚ್ಚರಿಸಬೇಕಾಗಿ ಬಂದುದೇ ಅದಕ್ಕೆ ಸಾಕ್ಷಿ. ಎಲ್ಲರೂ ಸರಿಯಾಗಿ ನಡೆಯುವ ಊರಿನಲ್ಲಿ ಎಚ್ಚರಿಕೆಯ ಫಲಕ ಬೇಡ. “ಮಮ್ಮಟನೂ ದೋಷಗಳನ್ನು ಹೇಳಿ ಮುಗಿಸಿದ ಮೇಲೆ, ಕೆಲವು ಸಂದರ್ಭಗಳಲ್ಲಿ ದೋಷವು ದೋಷವಲ್ಲ, ಗುಣವೂ ಆದೀತು ಎನ್ನುತ್ತಾನೆ,” ಎಂದರು ಶಾಸ್ತ್ರಿಗಳು. “ಆದರೆ ಆ ಅಧಿಕಾರವು ಕವಿಗೆ. ಪರೀಕ್ಷಾರ್ಥಿಗೆ ಅದಿಲ್ಲ. ಮೊದಲು ನಿಯಮದಲ್ಲಿ ಗೆದ್ದು ಬಾ.”

ಆಗಸ್ಟ್ ಕಳೆಯುತ್ತ ಬಂದಾಗ ಶಾಸ್ತ್ರಿಗಳು ಒಂದು ಕೆಲಸವನ್ನು ಕೊಟ್ಟರು: ಪುಸ್ತಕದ ವಾಕ್ಯಗಳು ಸಾಕು, ಪ್ರತಿಯೊಂದು ಜೋಡಿಗೂ ಸ್ವಂತದ ಒಂದು ವಾಕ್ಯವನ್ನು ಬರೆದು ತರಬೇಕು. ಹುಡುಗಿ ಮರುದಿನ ಹತ್ತು ವಾಕ್ಯಗಳನ್ನು ತಂದಳು. ಕೆಲವು ಕಾಫಿಯ ಧಾರಣೆಯ ಬಗ್ಗೆ, ಕೆಲವು ಹಾಕಿ ಆಟದ ಬಗ್ಗೆ. ಐದನೆಯದು ‘ಐದರ್–ಆರ್’ ಜೋಡಿಯದು: “ಐದರ್ ಆಲ್ ಆಫ್ ಅಸ್ ಗೋ ಆರ್ ನನ್ ಆಫ್ ಅಸ್ ಡಸ್.” ಹೋದರೆ ಎಲ್ಲರೂ ಹೋಗುತ್ತೇವೆ, ಇಲ್ಲವಾದರೆ ಯಾರೂ ಹೋಗುವುದಿಲ್ಲ.

“ಇದು ಯಾರ ಮಾತು?” ಎಂದು ಕೇಳಿದರು ಶಾಸ್ತ್ರಿಗಳು.

“ನನ್ನ ಅಜ್ಜನದು,” ಎಂದಳು ಹುಡುಗಿ. 2018ರ ಆ ರಾತ್ರಿ, ಹಿಂದಿನ ಗುಡ್ಡದಿಂದ ಕೆಸರುನೀರು ಅಂಗಳಕ್ಕೆ ಇಳಿಯತೊಡಗಿದಾಗ, ನಡೆಯಲಾರದ ಅಜ್ಜಿಯು ತನ್ನನ್ನು ಬಿಟ್ಟು ಹೋಗಿರೆಂದು ಹಟ ಹಿಡಿದಳಂತೆ. ಆಗ ಅಜ್ಜ ಆಡಿದ್ದು ಈ ಒಂದು ಮಾತು. ಅಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತರು. ಹನ್ನೊಂದು ವರ್ಷದ ಹುಡುಗಿ ದೀಪ ಹಿಡಿದು ಮುಂದೆ ನಡೆದಳು. ಎಲ್ಲರೂ ರಸ್ತೆಗೆ ಬಂದು ತಲುಪಿದರು. ಬೆಳಗಾದಾಗ ಮನೆಯಿದ್ದ ಜಾಗದಲ್ಲಿ ಮನೆಯಿರಲಿಲ್ಲ.

ಶಾಸ್ತ್ರಿಗಳು ಆ ವಾಕ್ಯವನ್ನು ಮತ್ತೊಮ್ಮೆ ಓದಿದರು. ಎರಡು ಅಂಗಗಳೂ ಪೂರ್ಣವಾಕ್ಯಗಳು. ಎರಡರಲ್ಲಿಯೂ ಕರ್ತೃವಿದೆ, ಕ್ರಿಯೆಯಿದೆ. ಒಂದರ ತೂಕ ಇನ್ನೊಂದಕ್ಕೆ ಸಮ. ಅವರು ಕೈಯಲ್ಲಿದ್ದ ಕೆಂಪು ಸೀಸದಕಡ್ಡಿಯನ್ನು ಕೆಳಗಿಟ್ಟರು. “ಇದರಲ್ಲಿ ತಿದ್ದುವುದೇನೂ ಇಲ್ಲ,” ಎಂದರು.

ಬಹುಶಃ ಆ ವಾಕ್ಯವೇ ಅವರ ಬಾಯಿಯನ್ನು ತೆರೆಯಿಸಿರಬೇಕು. ಅರುವತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಅಂದು ಆ ಹುಡುಗಿಗೆ ಹೇಳಿದರು. ಅವರು ಪಂಡಿತರಾಗಿ ಸೇರಿದ ಹೊಸತರಲ್ಲಿ, ಮೇಲಿನ ಹುದ್ದೆಗೆ ಅರ್ಹತೆಯನ್ನು ಪಡೆಯಲು ಇಂಗ್ಲಿಷಿನ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿತ್ತು. ಎರಡು ಸಲ ಕುಳಿತರು. ಎರಡು ಸಲವೂ ಕೆಲವೇ ಅಂಕಗಳಿಂದ ತಪ್ಪಿತು. ಎರಡನೆಯ ಸಲದ ಪತ್ರಿಕೆಯಲ್ಲಿ ವಾಕ್ಯಗಳ ತಪ್ಪನ್ನು ತಿದ್ದುವ ಪ್ರಶ್ನೆಯಿತ್ತು. ಅದರಲ್ಲೊಂದು: “ಹಿ ನಾಟ್ ಓನ್ಲಿ ಲಾಸ್ಟ್ ಹಿಸ್ ಅಂಬ್ರೆಲಾ ಬಟ್ ಆಲ್ಸೋ ಹಿಸ್ ವೇ.” ಅವನು ಕೊಡೆಯನ್ನು ಮಾತ್ರವಲ್ಲದೆ ದಾರಿಯನ್ನೂ ಕಳೆದುಕೊಂಡನು. ಶಾಸ್ತ್ರಿಗಳು ತಪ್ಪಿಲ್ಲವೆಂದು ಬರೆದು ಬಂದಿದ್ದರು. ತಪ್ಪಿದೆಯೆಂದು ಅನಂತರ ತಿಳಿದಾಗ, ಪಾಠಶಾಲೆಯವನೆಂಬ ತಾತ್ಸಾರದಿಂದ ಇಲ್ಲದ ದೋಷವನ್ನು ಹುಟ್ಟಿಸಿದ್ದಾರೆಂದು ನಂಬಿದರು. ಮೂರನೆಯ ಸಲ ಕುಳಿತುಕೊಳ್ಳಲಿಲ್ಲ. ಆ ಭಾಷೆಗೆ ನ್ಯಾಯವೇ ಇಲ್ಲವೆಂದು ನಿಶ್ಚಯಿಸಿ, ಅದರ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದರು.

“ಅದೇ ಮೂವತ್ತು ವರ್ಷವೂ ನಾನು ತರಗತಿಯಲ್ಲಿ ಪ್ರಕ್ರಮಭಂಗದ ಪಾಠ ಹೇಳಿದೆ, ಮಗಳೇ. ಕಾಳಿದಾಸನಲ್ಲಿ ಆ ದೋಷವಿದೆಯೇ ಎಂದು ಚರ್ಚೆ ಮಾಡಿಸಿದೆ. ನನ್ನ ಉತ್ತರಪತ್ರಿಕೆಯಲ್ಲಿದ್ದದ್ದು ಅದೇ ದೋಷವೆಂದು ಮೊನ್ನೆ ರಾತ್ರಿಯವರೆಗೂ ನನಗೆ ಹೊಳೆಯಲಿಲ್ಲ. ಪರೀಕ್ಷಕನು ಅನ್ಯಾಯ ಮಾಡಿದನೆಂದು ಇಷ್ಟು ಕಾಲ ಬೈದುಕೊಂಡೆ. ಅವನು ಮಮ್ಮಟನ ಪಕ್ಷದಲ್ಲಿದ್ದ.”

ಹುಡುಗಿಗೆ ಏನು ಹೇಳಬೇಕೆಂದು ತೋರಲಿಲ್ಲ. ಆಮೇಲೆ ಮೆಲ್ಲನೆ, “ಕನ್ನಡದಲ್ಲಿ ಯೋಚಿಸಿದವರಿಗೆ ಅದು ಕಾಣುವುದಿಲ್ಲವೆಂದು ನೀವೇ ಹೇಳಿದಿರಲ್ಲ, ಅಜ್ಜ,” ಎಂದಳು.

“ಹೌದು. ಆದರ ಜೊತೆಗೆ, ಸಿಟ್ಟಿನಲ್ಲಿ ಯೋಚಿಸಿದವರಿಗೂ ಕಾಣುವುದಿಲ್ಲ,” ಎಂದರು ಶಾಸ್ತ್ರಿಗಳು.

ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಹುಡುಗಿ ಪರೀಕ್ಷೆಗಾಗಿ ಬೆಂಗಳೂರಿಗೆ ಹೊರಟಳು. ಹೊರಡುವ ಮುಂಚೆ ಶಾಸ್ತ್ರಿಗಳ ಕಾಲು ಮುಟ್ಟಿ ನಮಸ್ಕರಿಸಿದಳು. ಮಳೆ ಆ ಹೊತ್ತಿಗೆ ಬಿಟ್ಟಿತ್ತು. ಬಸ್ಸು ಕುಶಾಲನಗರವನ್ನು ದಾಟಿದ ಮೇಲೆ ಅವಳಿಗೆ ನೆನಪಾಯಿತು, ಕೊಡೆಯನ್ನು ಶಾಸ್ತ್ರಿಗಳ ಜಗಲಿಯಲ್ಲಿಯೇ ಬಿಟ್ಟುಬಂದಿದ್ದಳು. ಶಾಸ್ತ್ರಿಗಳು ಅದನ್ನು ಮಡಿಸಿ ಗೋಡೆಯ ಗೂಟಕ್ಕೆ ನೇತುಹಾಕಿದರು. ಆ ಸಂಜೆ ಮೊಮ್ಮಗನನ್ನು ಅಟ್ಟಕ್ಕೆ ಹತ್ತಿಸಿ ಒಂದು ಕಟ್ಟು ಹಳೆಯ ಪುಸ್ತಕಗಳನ್ನು ಇಳಿಸಿಕೊಂಡರು. ಗೆದ್ದಲು ಬಹುಭಾಗವನ್ನು ತಿಂದಿತ್ತು. ಉಳಿದುದನ್ನು ಒರಸಿ, ಕಾವ್ಯಪ್ರಕಾಶದ ಪಕ್ಕದಲ್ಲಿ ಇಟ್ಟರು.

ಪರೀಕ್ಷೆ ಮುಗಿದ ರಾತ್ರಿ ದೂರವಾಣಿ ಬಂತು. ಪ್ರಶ್ನೆಗಳು ಹೇಗಿದ್ದವೆಂದು ಶಾಸ್ತ್ರಿಗಳು ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ. ಹುಡುಗಿಯೇ ಹೇಳಿದಳು: ಜೋಡಿ ಮಾತಿನ ವಾಕ್ಯವನ್ನು ಕಂಡೊಡನೆ ಆವರಣವೆಲ್ಲಿ ತೆರೆಯುತ್ತದೆಂದು ನೋಡಿದಳಂತೆ, ಕೈ ನಡುಗಲಿಲ್ಲವಂತೆ. ಅಕ್ಟೋಬರ್ ತಿಂಗಳಿನಲ್ಲಿ ಲಿಖಿತಪರೀಕ್ಷೆಯಲ್ಲಿ ತೇರ್ಗಡೆಯಾದವರ ಪಟ್ಟಿ ಹೊರಬಂದಾಗ ಅವಳ ಸಂಖ್ಯೆ ಅದರಲ್ಲಿ ಇತ್ತು. ಮುಂದೆ ಐದು ದಿನಗಳ ಸಂದರ್ಶನವಿತ್ತು, ವೈದ್ಯಕೀಯ ಪರೀಕ್ಷೆಯಿತ್ತು, ಅವು ವ್ಯಾಕರಣಕ್ಕೆ ಸೇರಿದವಲ್ಲ. ಆದರೆ ಕೊನೆಯ ಅವಕಾಶದಲ್ಲಿ ಮೊದಲ ಬಾಗಿಲು ತೆರೆದಿತ್ತು.

ಆ ಸಂಜೆ ಅವಳು ಕೊಡೆಯನ್ನು ಕೊಂಡೊಯ್ಯಲು ಬಂದಳು. ಮೋಡ ಬೆಟ್ಟದ ಮೇಲೆ ಕಟ್ಟುತ್ತಿತ್ತು. ಶಾಸ್ತ್ರಿಗಳು ಗೂಟದಿಂದ ಕೊಡೆಯನ್ನು ತೆಗೆದು ಕೊಡುತ್ತ, “ಏನಮ್ಮ, ಅಂದು ಕೊಡೆಯನ್ನು ಮರೆತು ಹೋದೆಯಲ್ಲ,” ಎಂದರು.

“ಕೊಡೆಯನ್ನು ಮರೆತೆ, ಅಜ್ಜ, ದಾರಿಯನ್ನು ಮರೆಯಲಿಲ್ಲ,” ಎಂದಳು ಹುಡುಗಿ.

ಶಾಸ್ತ್ರಿಗಳು ಆ ಮಾತನ್ನು ಮನಸ್ಸಿನಲ್ಲಿಯೇ ತೂಗಿ ನೋಡಿದರು. ಎರಡು ಕಡೆಯೂ ಸಮವಾಗಿತ್ತು.